ಸಾಹೇಬರು ಒಳಗಿದ್ದಾರೆ

ಮೊದಲೆಲ್ಲ ನಮ್ಮ ಚಾಮರಾಜಪುರಂ ಬೀದಿಯವರು ನನ್ನ ಬಗ್ಗೆ ಒಂದು ಮಾತು ಹೇಳುತ್ತಿದ್ದರು: “ಮೃತ್ಯುಂಜಯಪ್ಪ ಮನೆ ಬಿಟ್ರು ಅಂದ್ರೆ ಮುಗೀತು. ಹಿಂದೆ ಮನೆಗೆ ಬೆಂಕಿ ಬಿದ್ರೂ ತಿರುಗಿ ನೋಡೋ ಆಸಾಮಿ ಅಲ್ಲ.” ಅದು ಹೊಗಳಿಕೆಯೋ ತೆಗಳಿಕೆಯೋ ನನಗೆ ಇಂದಿಗೂ ಗೊತ್ತಿಲ್ಲ. (ನನ್ನ ಹೆಂಡತಿ ಮಂಜುಳಮ್ಮನಿಗೆ ಗೊತ್ತಿದೆ. ನಾನು ಮರೆತ ಊಟದ ಡಬ್ಬಿ ಹಿಡಿದುಕೊಂಡು ಬೀದಿಯ ತುದಿಯವರೆಗೆ ಓಡಿಬಂದವಳು ಅವಳು.)

ಅಂಥ ನಾನು ಮನೆಯಿಂದ ಮೂವತ್ತು ಹೆಜ್ಜೆ ದೂರ ಹೋಗಲಾರದವನಾದೆ ಎಂದರೆ ನಂಬುತ್ತೀರಾ?

ಆದದ್ದಿಷ್ಟು. ದೊಡ್ಡ ಕರುಳಿನಲ್ಲಿ ಹುಣ್ಣಾಗಿ ಎಂಟು ವರ್ಷ ನರಳಿದ ಮೇಲೆ, ಎರಡು ಸಾವಿರದ ಎರಡನೇ ಇಸವಿಯಲ್ಲಿ ಬೆಂಗಳೂರಿನ ಡಾಕ್ಟರು ಆ ಕರುಳನ್ನೇ ತೆಗೆದುಬಿಡೋಣ ಎಂದರು. “ಪೂರ್ತಿನಾ ಸಾರ್?” ಅಂದೆ. “ಪೂರ್ತಿ” ಅಂದರು, ಊಟವಾದ ಮೇಲೆ ಎಲೆ ಎತ್ತುವವರಷ್ಟು ನಿರಾಳವಾಗಿ. ಆಮೇಲೆ ಸಣ್ಣ ಕರುಳಿನ ತುದಿಯನ್ನು ಇಂಗ್ಲಿಷಿನ ಜೆ ಅಕ್ಷರದಂತೆ ಮಡಚಿ, ಹೊಲಿದು, ಒಳಗೇ ಒಂದು ಚೀಲ ಮಾಡಿದರು. ಅದು ಮಾಯುವವರೆಗೆ ಮೂರು ತಿಂಗಳು ಹೊಟ್ಟೆಯ ಮೇಲೊಂದು ಪ್ಲಾಸ್ಟಿಕ್ ಚೀಲ. ಕೊನೆಗೆ ಇನ್ನೊಂದು ಆಪರೇಷನ್ ಮಾಡಿ, “ಇನ್ನು ಎಲ್ಲ ಮಾಮೂಲಿ ದಾರಿಯಲ್ಲೇ ಹೋಗುತ್ತೆ” ಎಂದು ಹರಸಿ ಕಳಿಸಿದರು.

ದಿನಕ್ಕೆ ಎಷ್ಟು ಸಲ ಎಂದು ಕೇಳಲು ನನಗೆ ಹೊಳೆಯಲಿಲ್ಲ. ಹದಿನಾಲ್ಕು ಸಲ.

ಮೊದಲ ದಿನ ಎರಡೆರಡು ಸಲ ಎಣಿಸಿ ನೋಡಿದೆ. ಎಸ್‌ಟಿಡಿ ಬೂತಿಗೆ ಓಡಿ ಡಾಕ್ಟರಿಗೆ ಫೋನು ಮಾಡಿದೆ. “ಹೊಸ ಚೀಲ, ಇನ್ನೂ ಚಿಕ್ಕದು. ಬಂತು ಅಂದ ತಕ್ಷಣ ಓಡಬೇಡಿ. ಸ್ವಲ್ಪ ಸ್ವಲ್ಪ ತಡೆದು ಅಭ್ಯಾಸ ಮಾಡಿ, ತಡೆದಷ್ಟೂ ಹಿಗ್ಗುತ್ತೆ” ಎಂದರು ಅವರು. “ಇದನ್ನ ತಡೆಯೋದಾ ಸಾರ್?” ಎಂದು ನಾನು ಕೂಗಿದ್ದಕ್ಕೆ ಬೂತಿನ ಹೊರಗೆ ಕಾಯುತ್ತಿದ್ದ ಮೂವರೂ ಎರಡೆರಡು ಹೆಜ್ಜೆ ಹಿಂದೆ ಸರಿದರು.

ಅಭ್ಯಾಸ ಮಾಡಿದೆ, ಸುಳ್ಳು ಹೇಳಲಾರೆ. ಗಡಿಯಾರ ನೋಡುತ್ತಾ ಎರಡು ನಿಮಿಷ ತಡೆದೆ. ಮೂರನೇ ನಿಮಿಷಕ್ಕೆ ಹಿತ್ತಿಲ ಕಕ್ಕಸಿಗೆ ಓಡಿದೆ.

“ನಿಮ್ಮ ಚೀಲಕ್ಕೇನೂ ಆಗಿಲ್ಲ ಕಣ್ರೀ” ಎಂದಳು ಮಂಜುಳಮ್ಮ, ಅನ್ನ ಮಜ್ಜಿಗೆ ಕಲಸುತ್ತಾ. “ಆಗಿರೋದು ನಿಮ್ಮ ಧೈರ್ಯಕ್ಕೆ.”

“ನಿನಗೇನು ಗೊತ್ತು, ದೊಡ್ಡ ಕರುಳು ಇರೋಳಿಗೆ?”

“ಇದೆಯಲ್ಲ, ಅದಕ್ಕೇ ಕೂತ ಕಡೆ ಕೂತಿರ್ತೀನಿ.”

ಹೀಗಿರುವಾಗ ರಜೆಯೆಲ್ಲ ಮುಗಿದು ಕಚೇರಿಯಿಂದ ಪತ್ರ ಬಂತು. ಸೋಮವಾರ ಬೆಳಿಗ್ಗೆ ಹತ್ತೂವರೆಯೊಳಗೆ ಕೆಲಸಕ್ಕೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ‘ಸೇವೆಗೆ ಅನರ್ಹ’ ಎಂದು ಮೇಲಕ್ಕೆ ಬರೆಯಲಾಗುವುದು. ಕೆಳಗೆ ನಮ್ಮ ಅಧಿಕಾರಿ ಗುರುಮಲ್ಲಪ್ಪನವರ ರುಜು. ಇನ್ನೂ ಹದಿನಾಲ್ಕು ವರ್ಷ ಸರ್ವೀಸಿದ್ದ ನಾನು ಆ ಪತ್ರವನ್ನು ಓದಿದ್ದು ಎಲ್ಲಿ ಎಂದು ಹೇಳಬೇಕಾಗಿಲ್ಲ.

ಸೋಮವಾರ ಎಂಟೂಮುಕ್ಕಾಲಿಗೇ ಹೊರಟೆ. ಕಚೇರಿ ಇರುವುದು ಸರಸ್ವತಿಪುರಂನಲ್ಲಿ, ನಡೆದರೆ ಇಪ್ಪತ್ತು ನಿಮಿಷ. ಬೀರಯ್ಯನ ಇಸ್ತ್ರಿ ಗಾಡಿಯ ಹತ್ತಿರ ಹೋಗುವಷ್ಟರಲ್ಲಿ ಒಳಗಿನಿಂದ ಸಮನ್ಸು ಬಂತು. ವಾಪಸು ಓಡಿದೆ. ಕೆಲಸ ಮುಗಿಸಿ ಹೊರಡಬೇಕು, ಹಜಾರದಲ್ಲಿ ವಿಭೂತಿ ಧರಿಸಿ ಕೂತಿದ್ದ ನಮ್ಮಮ್ಮ ಇಂದ್ರಮ್ಮ ದಾರಿಗೆ ಅಡ್ಡ ಕೈ ಹಾಕಿದರು.

“ಹೊರಟವನು ಹಿಂದಕ್ಕೆ ಬಂದೆಯಲ್ಲೋ ಮಗ. ಕೂತ್ಕೊಂಡು ನೀರು ಕುಡಿದು ಹೋಗು. ಇಲ್ದಿದ್ರೆ ಹೋದ ಕೆಲಸ ಕೆಟ್ಟೋಯ್ತದೆ.”

ಕೂತೆ, ಒಂದು ಚೊಂಬು ನೀರು ಕುಡಿದೆ, ಹೊರಟೆ. ಬೀದಿ ತುದಿ ಮುಟ್ಟುವಷ್ಟರಲ್ಲಿ ಮತ್ತೆ ಸಮನ್ಸು. ಮತ್ತೆ ಓಟ, ಮತ್ತೆ ಅಮ್ಮ, ಮತ್ತೆ ಚೊಂಬು. ಮೂರನೇ ಸಲ ಬಂದಾಗ, “ಅಮ್ಮ, ಈ ನೀರೇ ನನ್ನನ್ನ ವಾಪಸ್ ಕರ್ಕೊಂಡ್ಬರ್ತಿರೋದು” ಎಂದು ವಾದಿಸಿ ನೋಡಿದೆ.

“ಶಾಸ್ತ್ರ ಕಣಪ್ಪ. ಕುಡಿದ್ಬುಡು.”

ಕುಡಿದು ಮತ್ತೆ ಹೊರಟಾಗ, “ಎಂಗೆ ಸ್ವಾಮಿ,” ಎಂದ ಬೀರಯ್ಯ, ಇದ್ದಿಲು ಊದುತ್ತಾ, “ಆಫೀಸಿಗೆ ಓಗ್ತಾ ಇದೀರೋ, ಮನೆಗೆ ಬತ್ತಾ ಇದೀರೋ? ಒಂದು ಕಡೆ ಗಟ್ಟಿ ಮಾಡ್ಕೊಳಿ, ನಂಗೇ ತಲೆ ಸುತ್ತುತದೆ.”

ನಾಲ್ಕನೇ ಸಲ ಅವನನ್ನೂ ಬೀದಿ ತುದಿಯನ್ನೂ ದಾಟಿ ದೊಡ್ಡ ರಸ್ತೆಗೇ ಬಂದುಬಿಟ್ಟೆ. ಗಂಟೆ ಒಂಬತ್ತೂಮುಕ್ಕಾಲು. ಅಲ್ಲಿ ಹೊಟ್ಟೆ ಮತ್ತೆ ಕರೆಯಿತು. ತಿರುಗಿ ನಾಲ್ಕು ಹೆಜ್ಜೆ ಇಟ್ಟಿದ್ದೆ, ಎದುರಿಗೇ ಒಂದು ಸ್ಕೂಟರು ನಿಂತಿತು. ಗುರುಮಲ್ಲಪ್ಪನವರು.

“ಏನ್ರೀ ಮೃತ್ಯುಂಜಯ, ಆಫೀಸು ಆ ಕಡೆ ಅಲ್ವೇನ್ರೀ?”

ನಿಜ ಹೇಳಿದರೆ ‘ಅನರ್ಹ’ ಎಂದು ಅಲ್ಲೇ ಸ್ಕೂಟರಿನ ಮೇಲಿಟ್ಟು ಬರೆದಾರು. ಆಗ ನನ್ನ ಬಾಯಿ, ನನ್ನನ್ನು ಕೇಳದೆಯೇ, ಹೀಗೆಂದಿತು: “ತಮ್ಮನ್ನೇ ಕರೆಯೋಣ ಅಂತ ಬರ್ತಿದ್ದೆ ಸಾರ್. ಇಲ್ಲೇ ಮನೆ. ಕೆಲಸಕ್ಕೆ ಸೇರೋ ಮುಂಚೆ ತಾವು ಒಂದು ಲೋಟ ಕಾಫಿ ಕುಡಿದ್ರೆ ನಮಗೆ ಸಮಾಧಾನ.”

ನಾನು ಕಂಡ ಹನ್ನೊಂದು ವರ್ಷದಲ್ಲಿ ಯಾರ ಮನೆಯ ಕಾಫಿಯನ್ನೂ ಮುಟ್ಟದ ಮನುಷ್ಯ. ಇಲ್ಲ ಅನ್ನುತ್ತಾರೆ, ನಾನು ಓಡುತ್ತೇನೆ ಎಂದು ಲೆಕ್ಕ ಹಾಕಿದ್ದೆ.

“ನಡೀರಿ” ಎಂದರು.

ಸಾಹೇಬರನ್ನು ಹಜಾರದಲ್ಲಿ ಕೂರಿಸಿ ಮೆಲ್ಲಗೆ ಹಿತ್ತಿಲಿಗೆ ಜಾರುವುದು ನನ್ನ ಉಪಾಯ. ಆದರೆ ಮಂಜುಳಮ್ಮನ ಕಾಫಿ ಅಂದು ಮಿಂಚಿನಂತೆ ಬಂತು. ಸಾಹೇಬರು ಅರ್ಧ ಲೋಟ ಕುಡಿದರು. ಯಾರೋ ದೂರದಿಂದ ಹೆಸರು ಹಿಡಿದು ಕರೆದಂತೆ ಕಿವಿಗೊಟ್ಟರು. ಮುಖ ಅರಳಿತು.

“ರೀ, ಟಾಯ್ಲೆಟ್ ಎಲ್ಲಿದೆ? ಮೂರು ದಿನ ಆಗಿತ್ತು ಕಣ್ರೀ.”

ನನ್ನ ಕೈ ತಾನಾಗಿಯೇ ಹಿತ್ತಿಲ ಕಡೆ ತೋರಿಸಿತು. ಅವರು ಮೇಜಿನ ಮೇಲಿದ್ದ ಪೇಪರನ್ನೂ ಕಂಕುಳಿಗೆ ಸೇರಿಸಿಕೊಂಡರು. ಚಿಲಕ ಬಿತ್ತು. ಆ ಸದ್ದು ಕೇಳಿ ನಾನು ಗೋಡೆ ಹಿಡಿದುಕೊಂಡೆ. ನಮ್ಮ ಮನೆಗೆ ಇರುವುದೇ ಅದೊಂದು.

“ಹೋಗಿ ಬಾಗಿಲು ತಟ್ಟಿ” ಎಂದಳು ಮಂಜುಳಮ್ಮ, ಪಿಸುಮಾತಿನಲ್ಲಿ.

“ಸಾಹೇಬರು ಒಳಗಿದ್ದಾರೆ ಕಣೇ. ಯಾವ ಗುಮಾಸ್ತ ಅಧಿಕಾರಿಗೆ ಬೇಗ ಮುಗಿಸಿ ಅಂದಿದ್ದಾನೆ?”

“ಪಕ್ಕದ ಮನೆಗೆ ಹೋಗ್ಬನ್ನಿ ಹಂಗಾದ್ರೆ.”

“ಅವರು ಊರಲ್ಲಿಲ್ಲ, ಬೀಗ.”

ಒಳಗಿನಿಂದ ಪೇಪರು ಮಗುಚುವ ಸದ್ದು. ಒಂದು ಪುಟ. ಬಹಳ ಹೊತ್ತು. ಇನ್ನೊಂದು ಪುಟ. ನಾನು ತುಳಸಿ ಕುಂಡದ ಪಕ್ಕ ಕಾಲು ಹೆಣೆದುಕೊಂಡು ಕಣ್ಣು ಮುಚ್ಚಿ ನಿಂತೆ. ಅಮ್ಮ ಏನೂ ತಿಳಿಯದೆ, “ಧ್ಯಾನ ಮಾಡ್ತಾವ್ನೆ, ಮಾತಾಡ್ಸಬೇಡ” ಎಂದು ಸೊಸೆಗೆ ಹೇಳಿದರು. ಅಷ್ಟರಲ್ಲಿ ಒಳಗಿನಿಂದ ಗಂಭೀರವಾದ ದನಿ:

“ರೀ ಮೃತ್ಯುಂಜಯ, ನಿನ್ನೆ ಪೇಪರ್ ಇದ್ಯಾ?”

ಬಾಗಿಲ ಕೆಳಗಿನ ಸಂದಿಯಲ್ಲಿ ತಳ್ಳಿದೆ. ಭಾನುವಾರದ ಪೇಪರು, ಪುರವಣಿ ಬೇರೆ ಇತ್ತು. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಆಗ ಮಂಜುಳಮ್ಮ ನನ್ನ ಅಂಗಿಯ ತೋಳು ಜಗ್ಗಿದಳು. “ರೀ, ಗಡಿಯಾರ ನೋಡಿ. ಮೂವತ್ತು ನಿಮಿಷ.”

ಕಣ್ಣು ಬಿಟ್ಟೆ. ಕೆಳಗೆ ನೋಡಿಕೊಂಡೆ. ಏನೂ ಆಗಿರಲಿಲ್ಲ. ಒಲೆಯ ಮೇಲಿನ ಹಾಲಿನಂತೆ ಉಕ್ಕಿ ಬಂದದ್ದು ಯಾವಾಗಲೋ ತಾನೇ ಇಳಿದು ತೆಪ್ಪಗೆ ಕೂತಿತ್ತು. ಹದಿನಾಲ್ಕು ಸಲ ಎಣಿಸಿದಾಗ, ಸಾಹೇಬರ ಚಿಲಕ ಬಿದ್ದಾಗ ಆದಂಥ ಬೆರಗಲ್ಲ ಇದು, ಅದರಪ್ಪನಂಥದು. ನಾನು ಬಾಯಿ ತೆರೆದುಕೊಂಡೇ ನಿಂತಿದ್ದಾಗ ಬಾಗಿಲು ತೆರೆಯಿತು. ಹತ್ತು ವರ್ಷ ಚಿಕ್ಕವರಾಗಿ ಸಾಹೇಬರು ಈಚೆ ಬಂದರು.

“ಹತ್ತೂ ಇಪ್ಪತ್ತೈದು. ನಡೀರಿ, ಗಾಡಿಯಲ್ಲಿ ಐದು ನಿಮಿಷ. ಆರೋಗ್ಯವಾಗೇ ಇದೀರಲ್ರೀ, ಇಷ್ಟು ಹೊತ್ತು ನಿಂತೇ ಇದ್ರಿ. ಫಿಟ್ ಅಂತ ನಾನೇ ಬರೀತೀನಿ.”

“ಸಾರ್, ಒಂದೇ ನಿಮಿಷ, ನಾನೂ...” ಎಂದು ನಾನು ಬಾಗಿಲ ಕಡೆ ಹೊರಳಿದೆ. ಅವರು ನನ್ನ ಹೆಗಲ ಮೇಲೆ ಕೈ ಹಾಕಿ ಬೀದಿಯ ಕಡೆ ತಿರುಗಿಸಿದರು.

“ನಮ್ಮನೇಲಿ ಏಳು ಜನ ಕಣ್ರೀ. ಕೂತ ಎರಡು ನಿಮಿಷಕ್ಕೆ ಯಾರಾದ್ರೂ ಬಾಗಿಲು ತಟ್ತಾರೆ, ಅದು ಅಲ್ಲಿಗೇ ನಿಂತ್ಹೋಗುತ್ತೆ. ಇಲ್ಲಿ ಎಷ್ಟು ನೆಮ್ಮದಿ. ನಾಳೆಯಿಂದ ದಿನಾ ಒಂಬತ್ತೂಮುಕ್ಕಾಲಿಗೆ ಬರ್ತೀನಿ. ಕಾಫಿ ಕುಡಿದು, ನನ್ನದು ಮುಗಿಸ್ಕೊಂಡು, ಇಬ್ರೂ ಒಟ್ಟಿಗೇ ಹೊರಡೋಣ. ಏನಂತೀರಮ್ಮ?”

“ಖಂಡಿತ ಬನ್ನಿ ಸಾರ್” ಎಂದಳು ನನ್ನ ಧರ್ಮಪತ್ನಿ. “ಇನ್ನೊಂದು ಪೇಪರ್ ಹಾಕಿಸ್ತೀವಿ.” ಆಮೇಲೆ ಊಟದ ಡಬ್ಬಿಯನ್ನು ನನ್ನ ಕೈಗಿಡುತ್ತಾ ಮೆಲ್ಲಗೆ ಅಂದಳು: “ದಿನಾ ಮೂವತ್ತು ನಿಮಿಷ. ಒಂದು ತಿಂಗಳಿಗೆ ಎಷ್ಟು ಹಿಗ್ಗುತ್ತೆ ನೋಡಿ.”

ಸ್ಕೂಟರು ಶುರುವಾಗಿತ್ತು. ಹಿತ್ತಿಲ ಬಾಗಿಲು ಹನ್ನೆರಡು ಹೆಜ್ಜೆ, ಹಿಂದಿನ ಸೀಟು ಎರಡು ಹೆಜ್ಜೆ. ಎರಡನ್ನೂ ಒಮ್ಮೆ ನೋಡಿ, ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡು ಹತ್ತಿ ಕೂತೆ.

“ಸಾರ್, ರೋಡಲ್ಲಿ ಹಂಪು ಬಂದಾಗ ಸ್ವಲ್ಪ ನಿಧಾನ.”

“ಈ ಗಾಡಿಗೆ ಬ್ರೇಕೇ ಸರಿಯಾಗಿ ಹಿಡಿಯಲ್ಲ ಕಣ್ರೀ, ಗಟ್ಟಿಯಾಗಿ ಕೂತ್ಕೊಳ್ಳಿ” ಎಂದರು ಸಾಹೇಬರು, ಮತ್ತು ಆ ಬೆಳಿಗ್ಗೆ ಐದನೆಯ ಸಲ, ಕೊನೆಯ ಸಲ, ನಾನು ಮನೆ ಬಿಟ್ಟೆ.