ಅಸಲಿಯಲ್ಲದ ಸೊಂಟ

ಒಂದು ಒಗಟು. ಅರವತ್ತೇಳು ವರ್ಷ ಒಂದು ನಟ್ಟೂ ಅದಲುಬದಲಾಗದೆ ಅಸಲಿಯಾಗಿದ್ದು, ಒಂದು ಭಾನುವಾರ ಬೆಳಿಗ್ಗೆ ಒಂದೇ ಕಿಕ್ಕಿಗೆ ನಕಲಿಯಾದದ್ದು ಯಾವುದು? ಯೋಚಿಸಬೇಡಿ, ನಿಮಗೆ ಗೊತ್ತಾಗುವುದಿಲ್ಲ. ನಮ್ಮ ಥ್ರಾಬಿ ಊರಿನ ಹಳೆ ಮೋಟಾರ್‌ಸೈಕಲ್ ಸಂಘದ ಸಮಿತಿಗೇ ಗೊತ್ತಾಗಲು ಎರಡು ಕೆಟಲ್ ಚಹಾ ಖರ್ಚಾಯಿತು.

ಸಂಘದ ನಿಯಮ ಹದಿನಾಲ್ಕು ಹೀಗಿದೆ: "ಮೊದಲ ಮಾಲೀಕರ ವಿಭಾಗದಲ್ಲಿ ಗಾಡಿ ಮತ್ತು ಸವಾರರನ್ನು ಸೇರಿಸಿ ಒಂದೇ ಪ್ರದರ್ಶನ ವಸ್ತುವೆಂದು ಪರಿಗಣಿಸತಕ್ಕದ್ದು. ಟಯರು, ಬಲ್ಬು ಬಿಟ್ಟು, ಸದರಿ ವಸ್ತುವಿನ ಯಾವ ಭಾಗವೂ ಗಾಡಿ ಕಾರ್ಖಾನೆಯಿಂದ ಹೊರಬಿದ್ದ ವರ್ಷಕ್ಕಿಂತ ಹೊಸದಾಗಿರಕೂಡದು."

ಈ ವಿಭಾಗದಲ್ಲಿ ಇರುವವರು ಒಬ್ಬರೇ, ಡೆಸ್ಮಂಡ್ ಓಲ್ಡ್‌ರಾಯ್ಡ್ ಅಜ್ಜ. ವಯಸ್ಸು ಎಂಬತ್ತೈದು. ಹದಿನೆಂಟರಲ್ಲಿ, ಅಂದರೆ 1957ರಲ್ಲಿ, ಅಂಗಡಿಯಿಂದ ನೇರವಾಗಿ ಓಡಿಸಿಕೊಂಡು ಬಂದ ಐನೂರು ಸಿಸಿ ಗಾಡಿಯನ್ನೇ ಇವತ್ತಿಗೂ ಓಡಿಸುತ್ತಾರೆ. ಸಂಘದ ಪ್ರದರ್ಶನದಲ್ಲಿ ಪ್ರತಿ ವರ್ಷ ಗೆಲ್ಲುತ್ತಾರೆ. ಬೇರೆ ಸ್ಪರ್ಧಿ ಇಲ್ಲವಾದ್ದರಿಂದ ಅಷ್ಟೇನೂ ಕಷ್ಟವಾಗುವುದಿಲ್ಲ. ಗೆದ್ದವರು ಮಧ್ಯಾಹ್ನ ಹಳೆ ವಿಮಾನ ನಿಲ್ದಾಣದ ಸುತ್ತುದಾರಿಯಲ್ಲಿ ಇಡೀ ಮೆರವಣಿಗೆಯ ಮುಂದೆ ಒಂದು ಸುತ್ತು ಹೋಗುತ್ತಾರೆ. ಅಜ್ಜನಿಗೆ ಬೇಕಾದದ್ದು ಆ ಸುತ್ತು. ಈ ಸಲವಂತೂ ಬೇಕೇ ಬೇಕಿತ್ತು. ಅವರ ಲೈಸೆನ್ಸು ಆಗಸ್ಟ್ ಕೊನೆಗೆ ಮುಗಿಯುತ್ತದೆ, ಇನ್ನೊಮ್ಮೆ ಸಹಿ ಹಾಕುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದಾರೆ.

ಮುಖ್ಯ ತಪಾಸಣಾಧಿಕಾರಿ ಕ್ಲೈವ್ ಪಿಕರ್ಸ್‌ಗಿಲ್. ಅಜ್ಜನ ನಲವತ್ತು ವರ್ಷದ ಗೆಳೆಯರು. ಆದರೆ ಕಂದು ಕೋಟು ತೊಟ್ಟು ತಪಾಸಣೆ ಹಾಳೆ ಸಿಕ್ಕಿಸಿದ ರಟ್ಟನ್ನು ಕೈಗೆ ತೆಗೆದುಕೊಂಡರೆ ಸ್ವಂತ ಹೆಂಡತಿಯನ್ನೂ ನೋಂದಣಿ ಸಂಖ್ಯೆಯಿಂದ ಕರೆಯುವ ಮನುಷ್ಯ.

"ಸ್ಟಾರ್ಟ್ ಮಾಡಿ, ಮಿಸ್ಟರ್ ಓಲ್ಡ್‌ರಾಯ್ಡ್."

ಅಜ್ಜ ಒದ್ದರು. ಗಾಡಿ ಒಂದೇ ಕಿಕ್ಕಿಗೆ ಗುಡುಗಿತು.

ಪಿಕರ್ಸ್‌ಗಿಲ್ ಹಳೆಯ ಹಾಳೆ ತಿರುವಿದರು. "ಹೋದ ವರ್ಷ ಒಂಬತ್ತು ಕಿಕ್ ಬೇಕಾಗಿತ್ತು. ಏನು ಬದಲಾಯಿಸಿದ್ರಿ?"

"ಗಾಡೀಲಿ ಏನೂ ಇಲ್ಲ ಕಣೋ ಕ್ಲೈವ್. ನನ್ನ ಸೊಂಟದ ಕೀಲು ಬದಲಾಯಿಸಿದ್ರು, ಫೆಬ್ರವರೀಲಿ. ನೀನೇ ದ್ರಾಕ್ಷಿ ಹಿಡ್ಕೊಂಡು ಆಸ್ಪತ್ರೆಗೆ ಬಂದಿದ್ದೆಯಲ್ಲೋ!"

"ಅದು ಖಾಸಗಿ ಭೇಟಿ. ಈಗ ಅಧಿಕೃತವಾಗಿ ಕೇಳ್ತಿದೀನಿ. ಯಾವ ಲೋಹ?"

"ಟೈಟೇನಿಯಂ ಅಂತೆ."

"ಐವತ್ತೇಳರಲ್ಲಿ ಅಂಥ ಕೀಲು ಸಿಗ್ತಿತ್ತಾ?"

"ಐವತ್ತೇಳರಲ್ಲಿ ನಂಗೆ ಬೇಕಾಗಿರ್ಲಿಲ್ಲ!"

ಪಿಕರ್ಸ್‌ಗಿಲ್ ಬರೆದುಕೊಂಡರು: 'ಪ್ರದರ್ಶನ ವಸ್ತುವಿನ ಬಲಭಾಗದಲ್ಲಿ ಕಾರ್ಯಕ್ಷಮತೆ ಹೆಚ್ಚಿಸುವ ಮಾರ್ಪಾಡು ಪತ್ತೆ.'

ಸಮಿತಿ ಚಹಾದ ಗುಡಾರದಲ್ಲಿ, ಹಂದಿಮಾಂಸದ ಬನ್ನುಗಳ ಮುಂದೆ, ತುರ್ತಾಗಿ ಸೇರಿತು. ಅಜ್ಜನ ಹೆಂಡತಿ ಈನಿಡ್ ಅಜ್ಜಿಯನ್ನೂ ಕರೆಸಲಾಯಿತು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಎದುರು 'ನಿರ್ವಹಣೆ' ಎಂದು ನಮೂದಿಸಲಾಯಿತು.

"ಮೂಲ ಭಾಗವನ್ನೇ ವಾಪಸ್ ಜೋಡಿಸಿದ್ರೆ ಸಮಿತಿಗೆ ಆಕ್ಷೇಪ ಇಲ್ಲ," ಅಂದರು ಪಿಕರ್ಸ್‌ಗಿಲ್.

"ಅದನ್ನ ಆಸ್ಪತ್ರೆಯೋರು ಎಸೆದ್ರು," ಅಂದರು ಅಜ್ಜಿ.

ಗುಡಾರದಲ್ಲಿ ಒಬ್ಬರು ಟೋಪಿ ತೆಗೆದರು. ನಮ್ಮಲ್ಲಿ ಯಾರೂ ಹಳೆ ಭಾಗ ಎಸೆಯುವುದಿಲ್ಲ. ಪ್ರತಿ ಮನೆಯ ಶೆಡ್ಡಿನಲ್ಲೂ ಬಿಸ್ಕತ್ತಿನ ಡಬ್ಬಿಗಳಿವೆ, ಅವುಗಳಲ್ಲಿ ಅರವತ್ತೆರಡರಲ್ಲಿ ಮುರಿದ ಸ್ಪ್ರಿಂಗು ಅದೇ ವರ್ಷದ ಪತ್ರಿಕೆಯಲ್ಲಿ ಸುತ್ತಿಕೊಂಡು ಮಲಗಿರುತ್ತದೆ.

"ಡೆಸ್ಮಂಡ್, ನೀನು ಎಸೆಯೋಕೆ ಬಿಟ್ಟೆಯಾ?" ಎಂದು ಯಾರೋ ಪಿಸುಗುಟ್ಟಿದರು.

ಅಜ್ಜ ತಲೆ ತಗ್ಗಿಸಿದರು. "ಮಂಪರಲ್ಲಿದ್ದೆ."

"ಅದಿರ್ಲಿ ಕ್ಲೈವ್," ಅಂದರು ಅಜ್ಜಿ, "ನಿನ್ನ ಎದೇಲಿ ಬ್ಯಾಟರಿ ಕೂರಿಸಿದಾರಲ್ಲ, ಅದ್ಯಾವ ಕಾಲದ್ದು?"

"ಅದು ವಿದ್ಯುತ್ ಉಪಸಮಿತಿಗೆ ಬರೋ ವಿಷಯ, ಮೇಡಂ. ಮೇಲಾಗಿ ನಾನು ಪ್ರದರ್ಶನಕ್ಕಿಲ್ಲ."

"ನಿನ್ನ ಯಾರು ನೋಡ್ತಾರೆ ಬಿಡು!"

ಸಮಿತಿ ಈ ಮಾತನ್ನು ದಾಖಲಿಸಲಿಲ್ಲ. ಬದಲಿಗೆ, ಮುನ್ನೆಚ್ಚರಿಕೆಯ ಕ್ರಮವಾಗಿ, ಧ್ವನಿವರ್ಧಕದಲ್ಲಿ ಪ್ರಕಟಣೆ ಹೊರಟಿತು: "ಎಲ್ಲ ವಿಭಾಗದ ಸವಾರರ ಗಮನಕ್ಕೆ. ಕಟ್ಟಿಸಿದ ಹಲ್ಲು, ಕಿವಿಯ ಯಂತ್ರ, ಕನ್ನಡಕ ಇತ್ಯಾದಿ ಹೆಚ್ಚುವರಿ ಭಾಗಗಳನ್ನು ಮಧ್ಯಾಹ್ನ ಎರಡು ಗಂಟೆಯೊಳಗೆ ಮೇಜಿಗೆ ಒಪ್ಪಿಸಿ ಚೀಟಿ ಪಡೆಯತಕ್ಕದ್ದು."

ಜನ ಶಿಸ್ತಿನಿಂದ ಸಾಲು ನಿಂತರು. ಸಾಲು ನಿಲ್ಲುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಮೂವತ್ತೊಂದು ಮಂದಿ ಸವಾರರು ಕನ್ನಡಕವಿಲ್ಲದೆ ಮೆರವಣಿಗೆಗೆ ಸಿದ್ಧರಾದರು. ಅವರ ಸಹಕಾರವನ್ನು ಸುರಕ್ಷತಾ ಅಧಿಕಾರಿಗಳು ಶ್ಲಾಘಿಸಿದರು, ಹದಿನೆಂಟು ಮಂದಿಗೆ ಅದು ಕೇಳಿಸಲಿಲ್ಲ. ತಮ್ಮ ತಂದೆಯ ಹಲ್ಲುಸೆಟ್ಟು ಹಾಕಿಕೊಂಡು ಬಂದ ಒಬ್ಬರಿಗೆ ಕಾಲಕ್ಕೆ ತಕ್ಕ ಭಾಗ ಬಳಸಿದ್ದಕ್ಕಾಗಿ ಎರಡು ಅಂಕ ಹೆಚ್ಚಿಗೆ ಸಿಕ್ಕಿತು.

ಎರಡೂವರೆಗೆ ತೀರ್ಪು ಬಂತು. ಗಾಡಿ ನೂರಕ್ಕೆ ನೂರು ಅಸಲಿ, ಆದ್ದರಿಂದ ಗಾಡಿಯೇ ಗೆದ್ದಿದೆ, ಗಾಡಿಯೇ ಮೆರವಣಿಗೆಯ ಮುಂದೆ ಹೋಗತಕ್ಕದ್ದು. ಇಬ್ಬರು ಸಮಿತಿ ಸದಸ್ಯರು ಅದನ್ನು ತಳ್ಳತಕ್ಕದ್ದು. ಮಾರ್ಪಾಡಾದ ಸವಾರರು ಹತ್ತು ಗಜ ಹಿಂದೆ ನಡೆದು ಬರಬಹುದು.

"ಇದು ನನ್ನ ಕೊನೇ ಸುತ್ತು ಕಣೋ," ಅಂದರು ಅಜ್ಜ.

"ಗೊತ್ತು ಡೆಸ್," ಅಂದರು ಪಿಕರ್ಸ್‌ಗಿಲ್. ರಟ್ಟನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. "ಅದಕ್ಕೆ ಇದರಲ್ಲಿ ಕಾಲಂ ಇಲ್ಲ."

ಮೆರವಣಿಗೆ ಹೊರಟಿತು. ಎರಡನೆಯ ತಿರುವಿನಲ್ಲಿ ತಳ್ಳುವವರಿಗೆ ಏದುಸಿರು ಬಂತು, ಗಾಡಿ ನಿಂತಿತು, ಅದರ ಹಿಂದೆ ಎಂಬತ್ತು ಗಾಡಿಗಳು ನಿಂತವು. ನಿಂತ ಗಾಡಿಗೆ ಕಿಕ್ ಹೊಡೆಯುವ ಹಕ್ಕು ಮಾಲೀಕರದ್ದು ಮಾತ್ರ ಎಂದು ನಿಯಮ ಇಪ್ಪತ್ತೆರಡು ಹೇಳುತ್ತದೆ. ಅಜ್ಜನನ್ನು ಮುಂದೆ ಕರೆದರು. ಅಜ್ಜ ಒದ್ದರು, ಅದೇ ಒದೆತದಲ್ಲಿ ಹತ್ತಿ ಕೂತರು, ಹೋದರು! ಪೂರ್ತಿ ಸುತ್ತು, ಕೈ ಬೀಸುತ್ತ, ಕೂದಲು ಹಾರಿಸಿಕೊಂಡು. ಪಿಕರ್ಸ್‌ಗಿಲ್ ಸ್ವಲ್ಪ ಹೊತ್ತು ಪೆನ್ನು ಕಚ್ಚಿ ಬರೆದರು: 'ಗಾಡಿ ಸ್ವಂತ ಶಕ್ತಿಯಿಂದ ಸುತ್ತು ಮುಗಿಸಿತು. ಮೇಲೆ ಹನ್ನೊಂದು ಸ್ಟೋನ್, ಅಂದರೆ ಎಪ್ಪತ್ತು ಕಿಲೋ, ತೂಕದ ಭಾರ ಇಡಲಾಗಿತ್ತು. ಭಾರವು ಕೈ ಬೀಸಿತು.' ಸಮಿತಿ ಸರ್ವಾನುಮತದಿಂದ ಅಂಗೀಕರಿಸಿತು.

ಎರಡನೆಯ ತಿರುವಿನಿಂದ ಈಚೆಗಿನದೆಲ್ಲ ನಾನು ಕಟ್ಟಿದ ಕಥೆ. ಉಳಿದದ್ದು ನಡಾವಳಿ ಪುಸ್ತಕದಲ್ಲಿದೆ. ತಳ್ಳಿದವರಿಗೆ ಎಲ್ಲೂ ಏದುಸಿರು ಬರಲಿಲ್ಲ. ಗಾಡಿ ಸುಮ್ಮನೆ ಒಂದು ಸುತ್ತು ಹೋಯಿತು, ಅಜ್ಜ ಹತ್ತು ಗಜ ಹಿಂದೆ ನಡೆದರು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಿಸಿಲಲ್ಲಿ ಗಾಡಿ ಬಹಳ ಚೆನ್ನಾಗಿ ಕಾಣುತ್ತಿತ್ತು. ಅಜ್ಜನೂ ಚಪ್ಪಾಳೆ ತಟ್ಟಿದರು.