ಬೀಡಿನ ಮನೆಯ ದಾರು

ಮೂರು ದಿನದ ಹಳೆಯ ಲಿಪಿ ಶಿಬಿರ ಮುಗಿಸಿ, ಪ್ರಮಾಣಪತ್ರ ಹಿಡಿದು ಕೋಟದಲ್ಲಿ ಬಸ್ಸಿಳಿದಾಗ, ನಾನು ಓದಲಾರದ ತಾಳೆಗರಿ ಈ ಭೂಮಿಯ ಮೇಲಿಲ್ಲ ಎಂದೇ ನಂಬಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನಿಗೆ ಇಷ್ಟೂ ಆತ್ಮವಿಶ್ವಾಸ ಇರಬಾರದೇ?

ನನ್ನ ಹೆಂಡತಿ ಗಿರಿಜೆಯ ಮೂಲಮನೆ ಸಿದ್ದಾಪುರದ ಕಡೆಯ ಒಂದು ಬೀಡು. ಒಂದು ಕಾಲದಲ್ಲಿ ಸುತ್ತಲಿನ ಊರುಗಳನ್ನೆಲ್ಲ ಆಳಿದ ಮನೆ. ಎಷ್ಟು ನೂರು ವರ್ಷದ್ದೆಂದು ಯಾರಿಗೂ ಗೊತ್ತಿಲ್ಲ. ಆ ಕುಟುಂಬ ಮೇಲ್ಮನೆ, ಕೆಳಮನೆ ಎಂದು ಎರಡಾಗಿತ್ತು. ಗಿರಿಜೆ ಕೆಳಮನೆಯವಳು. ಯಾಕೆ ಎರಡಾಯಿತೆಂಬುದನ್ನು ಎಲ್ಲರೂ ಮರೆತಿದ್ದರು. ಮಾತು ಬಿಟ್ಟದ್ದನ್ನು ಮಾತ್ರ ಯಾರೂ ಮರೆತಿರಲಿಲ್ಲ! ಈಗ ಹೆಂಚಿನ ಮಾಡು ಕುಸಿಯತೊಡಗಿದ್ದರಿಂದ, ಎರಡೂ ಕಡೆಯವರು ಒಂದು ಭಾನುವಾರ ಬೀಡಿನ ಚಾವಡಿಯಲ್ಲಿ ಸೇರಿ ದುರಸ್ತಿಯ ಮಾತಾಡುವುದೆಂದು ನಿಶ್ಚಯವಾಯಿತು. ಅಂದು ಮನೆಯ ಇತಿಹಾಸ ಓದುವ ಹೊಣೆಯನ್ನು ನಾನು ಹೊತ್ತುಕೊಂಡೆ.

"ಹ್ವಾಯ್, ನಿಮ್ಗೆ ಯಾರಾರೂ ಓದುಕ್ ಹೇಳಿದ್ರಾ?" ಎಂದಳು ಗಿರಿಜೆ.

"ಇತಿಹಾಸ ಅಂದ್ರೆ ಯಾರೂ ಹೇಳಿ ಮಾಡ್ಸುದಲ್ಲ" ಎಂದೆ ಗಂಭೀರವಾಗಿ.

ಭಾನುವಾರಕ್ಕೆ ನಾಲ್ಕು ದಿನ ಮೊದಲೇ ಒಬ್ಬನೇ ಬೀಡಿಗೆ ಹೋದೆ. ಮನೆ ನೋಡಿಕೊಳ್ಳುವ ಮುದುಕಿ ಅಕ್ಕಮ್ಮ ಬಾಗಿಲು ತೆಗೆದರು. ಹೊರಗೆ ಸುಡುವ ಮಧ್ಯಾಹ್ನ. ಒಳಗೆ ಬಾವಿಗಿಳಿದಂಥ ತಂಪು. ಚಾವಡಿಯ ನಾಲ್ಕು ಮೂಲೆಗೆ ನಾಲ್ಕು ಕಂಬ, ಕಪ್ಪಗೆ, ಎಣ್ಣೆ ಹಚ್ಚಿದ ಮೈಯಂತೆ ನುಣ್ಣಗೆ. ಅಂಗಳದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಆದರೂ ಎಲ್ಲೋ ಯಾರೋ ನಿಧಾನವಾಗಿ ಉಸಿರು ಬಿಟ್ಟರು.

"ಅದ್ ಯಾರು?" ಎಂದೆ.

"ಯಾರೂ ಇಲ್ಲೆ ಮಾಸ್ತ್ರೆ. ಈ ಮನಿ ಮಧ್ಯಾಹ್ನಕ್ಕೆ ಹಾಂಗೇ ಉಸ್ರ್ ಬಿಡತ್ತ್" ಎಂದರು ಅಕ್ಕಮ್ಮ, ಅಕ್ಕಿ ಆರಿಸುತ್ತ.

ತಾಳೆಗರಿಯ ಕಟ್ಟು ಇದ್ದದ್ದು ಕತ್ತಲೆ ಕೋಣೆಯಲ್ಲಿ. ಅಕ್ಕಮ್ಮ ಹೊಸ್ತಿಲಲ್ಲೇ ನಿಂತು "ನಾ ಒಳ್ಗ್ ಬತ್ತಿಲ್ಲೆ" ಎಂದರು. ನಾನು ಟಾರ್ಚ್ ಹಿಡಿದು ಒಳಹೊಕ್ಕು, ಕಟ್ಟನ್ನು ಚಾವಡಿಗೆ ತಂದು, ಕಂಬಕ್ಕೆ ಒರಗಿ ಕುಳಿತು ಭೂತಗನ್ನಡಿಯಲ್ಲಿ ಅಕ್ಷರ ಕೂಡಿಸತೊಡಗಿದೆ. ಒಂದು ಗರಿಯಲ್ಲಿ ಹೀಗಿತ್ತು:

"ದಾರುವಿನ ತಲೆ ತೆಗೆದು, ಮೈ ಸುಲಿದು, ಕತ್ತಲೆ ಕೋಣೆಯಲ್ಲಿ ಮಲಗಿಸಿ, ಒಣಗಿದ ಬಳಿಕ ನಾಲ್ಕಾಗಿ ಸೀಳಿ, ಮನೆಯ ನಾಲ್ಕು ಮೂಲೆಗೆ ನಿಲ್ಲಿಸಿದೆವು."

ಗರಿಯನ್ನು ಕೆಳಗಿಟ್ಟೆ. ದಾರು! ನಮ್ಮ ಕಡೆ ಹಳೆಯ ಕಾಲದ ಹೆಂಗಸರ ಹೆಸರು. ಯಾರ ಮಗಳೋ, ಏನು ತಪ್ಪು ಮಾಡಿದ್ದಳೋ! ಅಷ್ಟರಲ್ಲಿ ಇನ್ನೊಂದು ವಿಷಯ ಗಮನಕ್ಕೆ ಬಂತು. ಕಂಬ ನನ್ನ ಬೆನ್ನಿಗೆ ಬೆಚ್ಚಗಿತ್ತು. ಹೆದರುತ್ತ ಕಂಬಕ್ಕೆ ಕಿವಿ ಇಟ್ಟೆ. ಒಳಗಿನಿಂದ ಕಿರ್ರ್... ಕಿರ್ರ್... ಯಾರೋ ಉಗುರಿನಿಂದ ಕೆರೆದ ಹಾಗೆ.

ಮುಂದಿನ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ನಾನು ಕಾಯಲಿಲ್ಲ. ನಡೆದೆ.

ಮನೆಯಲ್ಲಿ ಎಲ್ಲ ಕೇಳಿದ ಗಿರಿಜೆ, "ಅದನ್ನ ಅಲ್ಲ್ ಓದ್ಬೇಡಿ. ಎರಡೂ ಮನಿಯವ್ರ್ ಈಗಷ್ಟೇ ಮುಖ ಕಂಡ್ ಮಾತಾಡುಕ್ ಹೊರ್ಟಿದ್ರ್" ಎಂದು ಬೇಡಿಕೊಂಡಳು.

"ಸತ್ಯವನ್ನು ಮುಚ್ಚಿಡುವ ಅಧಿಕಾರ ಇತಿಹಾಸಕಾರನಿಗಿಲ್ಲ!" ಎಂದೆ. ಇಂಥ ವಾಕ್ಯಗಳು ನನಗೆ ಪುಸ್ತಕದ ಕನ್ನಡದಲ್ಲೇ ಬರುತ್ತವೆ.

ಭಾನುವಾರ ಚಾವಡಿ ತುಂಬ ಜನ. ನಾನು ಗಂಟಲು ಸರಿಮಾಡಿಕೊಂಡು, ಬೇಕಾದಲ್ಲಿ ದನಿ ನಡುಗಿಸಿ ಓದಿದೆ. "ನಾಲ್ಕು ಮೂಲೆಗೆ ನಿಲ್ಲಿಸಿದೆವು" ಎನ್ನುವಾಗ ಕೈಯೆತ್ತಿ ಕಂಬಗಳನ್ನು ಒಂದೊಂದಾಗಿ ತೋರಿಸಿ, ನಾನು ಕೇಳಿದ ಉಸಿರು, ಕಂಬದ ಬಿಸಿ, ಒಳಗಿನ ಕೆರೆತ ಎಲ್ಲವನ್ನೂ ವರ್ಣಿಸಿದೆ. ಕಂಬಕ್ಕೆ ಒರಗಿದ್ದವರೆಲ್ಲ ಒಟ್ಟಿಗೆ ಎದ್ದರು! ಅದೇ ಹೊತ್ತಿಗೆ ಮನೆ ಒಮ್ಮೆ ಉಸಿರು ಬಿಟ್ಟಿತು. ಈ ಸಲ ಎಲ್ಲರೂ ಕೇಳಿಸಿಕೊಂಡರು.

ಮೊದಲು ಬಾಯಿ ಬಿಟ್ಟವರು ಮುಂಬೈಯಲ್ಲಿ ಹೋಟೆಲು ನಡೆಸಿ ಬಂದ ಮೇಲ್ಮನೆಯ ಹಿರಿಯ ರಾಜಪ್ಪಣ್ಣ. "ಇದ್ ಕೆಳಮನಿಯವ್ರದ್ದೇ ಕೆಲ್ಸ. ನಮ್ಮಲ್ಲ್ ಹೆಂಗ್ಸ್ರಿಗೆ ಕೈ ಎತ್ತು ಕ್ರಮ ಇಲ್ಲೆ!"

ನನ್ನನ್ನು ಬೇಡಿಕೊಂಡಿದ್ದ ಗಿರಿಜೆಯೇ ಎದ್ದು ನಿಂತಳು. "ಹೌದಾ? ಕತ್ತಲಿ ಕೋಣಿ ಇಪ್ಪುದ್ ಯಾರ್ ಬದಿಗೆ? ನಿಮ್ಮ್ ಬದಿಗಲ್ದಾ?"

"ಹಾಂಗಾರೆ ದುರಸ್ತಿನೂ ಬ್ಯಾಡ, ಎಂತದೂ ಬ್ಯಾಡ. ಖಲಾಸ್! ಬೀಳ್ಲಿ ಈ ಮನಿ!" ಎಂದು ರಾಜಪ್ಪಣ್ಣ ಚಪ್ಪಲಿ ಹುಡುಕತೊಡಗಿದರು.

ಆಗ ಮಾಡು ನೋಡಲು ಏಣಿ ಹತ್ತಿದ್ದ ಮರಗೆಲಸದ ಆಚಾರಿ ನಿಧಾನವಾಗಿ ಕೆಳಗಿಳಿದು ಬಂದರು. "ಮಾಸ್ತ್ರೆ, ಆ ಸಾಲ್ ಇನ್ನೊಂದ್ ಸಲ ಓದಿ ಕಾಂಬ."

ಓದಿದೆ. ಆಚಾರಿ ಕಣ್ಣುಮುಚ್ಚಿ ಒಂದೊಂದು ಮಾತಿಗೂ ತಲೆದೂಗಿದರು. "ತಲಿ ತೆಗುದ್, ಮೈ ಸುಲುದ್, ಕತ್ಲಿಯಗೆ ಒಣ್ಸುದ್, ನಾಲ್ಕ್ ಸೀಳುದ್... ಎಲ್ಲ ಸಮ ಇತ್ತ್. ನಾವೂ ಹೀಂಗೇ ಮಾಡುದ್."

ಎಲ್ಲರೂ ಆಚಾರಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು!

"ಹ್ವಾಯ್, ಹೆದ್ರ್ಕಣ್ಬೇಡಿ! ನಮ್ಮ್ ಕಸುಬಿನ ಶಾಸ್ತ್ರದಗೆ ದಾರು ಅಂದ್ರೆ ಮರ. ಇದ್ ಹಲ್ಸಿನ್ ಮರ ಕಡ್ದ್ ಕಂಬ ಮಾಡಿದ್ ಲೆಕ್ಕ!" ಆಮೇಲೆ ಕಂಬಕ್ಕೆ ಕಿವಿಯಿಟ್ಟು, "ಕೆರೂದ್ ಕುಟ್ಟೆ ಹುಳ, ಮರ ತಿಂಬುದ್" ಎಂದರು. ಉಸಿರು, ಕಾದ ಹೆಂಚಿನ ಸಂದಿನ ಗಾಳಿ. ಕಂಬ ಬೆಚ್ಚಗಾದದ್ದು? "ನೀವ್ ಅಷ್ಟೊತ್ತ್ ಒರ್ಗಿ ಕೂಕಂಡ್ರೆ ಬೆಚ್ಚಗಾಗ್ದೆ ಎಂತ ಆತ್ತ್ ಮಾಸ್ತ್ರೆ?"

ಮೊದಲು ನಕ್ಕದ್ದು ರಾಜಪ್ಪಣ್ಣ. ಅವರನ್ನು ನೋಡಿ ಗಿರಿಜೆ. ಆಮೇಲೆ ಇಡೀ ಚಾವಡಿ. ತಲೆಮಾರುಗಳಿಂದ ಮಾತು ಬಿಟ್ಟಿದ್ದ ಎರಡು ಮನೆಯವರು ಅಂದು ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಮಾತಿಗೆ ವಿಷಯ ಬೇಕಿತ್ತಲ್ಲ, ನಾನಿದ್ದೆ! ದುರಸ್ತಿಗೂ ಒಪ್ಪಿಗೆಯಾಯಿತು.

ತಿಂಗಳು ಕಳೆದು ಕೆಲಸ ನೋಡಲು ಹೋದೆ. ನಾಲ್ಕೂ ಕಂಬಗಳ ಬುಡದಲ್ಲಿ ಕುಂಕುಮ, ದಾಸವಾಳ, ಗಾಜಿನ ಬಳೆ.

"ಇದೆಂತ ಅಕ್ಕಮ್ಮ?"

"ದಾರಮ್ಮಂಗೆ. ನಿನ್ನೆ ನಾನೇ ಒಂದೊಂದ್ ಕಂಬಕ್ಕೂ ಆರಾರ್ ಬಳಿ ಇಟ್ಟಿದೆ" ಎಂದರು. ಎಣಿಸಿದೆ. ನನ್ನೆದುರಿನ ಕಂಬದ ಬುಡದಲ್ಲಿ ನಾಲ್ಕೇ ಇದ್ದವು.

"ಎರಡ್ ಎಲ್ಲ್ ಹೋಯ್ತ್?"

"ತೊಟ್ಕಂಡಿದ್ಲ್. ಮತ್ತೆಂತ?"

"ಅಕ್ಕಮ್ಮ, ಅದ್ ಬರೀ ಮರ. ನಾನೇ ತಪ್ಪ್ ಓದಿದ್."

ಅಕ್ಕಮ್ಮ ಗಾಬರಿಯಿಂದ ಕಂಬದ ಕಡೆ ನೋಡಿ ದನಿ ತಗ್ಗಿಸಿದರು. "ಮೆಲ್ಲ ಮಾತಾಡಿ, ಬೇಜಾರ್ ಮಾಡ್ಕಂತ್ಲ್. ಹಸ್ರ್ ಸೀರಿ ಉಟ್ಕಂಡ್ ಇಲ್ಲೇ ಕೂಕಂತಿದ್ಲಂಬ್ರ್, ನನ್ನ ಅಜ್ಜಿಯೇ ಕಂಡಿದ್ರ್. ನಿಮ್ಗೆ ಈ ಮನಿ ಇತಿಹಾಸ ಎಂತ ಗೊತ್ತಿತ್ತ್ ಮಾಸ್ತ್ರೆ?"

ದಾರು ಎಂಬ ಹೆಂಗಸನ್ನು ತಿಂಗಳ ಹಿಂದೆ ಹುಟ್ಟಿಸಿದವನೇ ನಾನು, ನಿಮ್ಮ ಅಜ್ಜಿ ಅವಳನ್ನು ಕಂಡದ್ದು ಹೇಗೆ ಎಂದು ವಾದಿಸಬಹುದಿತ್ತು. ವಾದಿಸಲಿಲ್ಲ. ಕಂಬದ ಮುಂದೆ ಕೈಮುಗಿದು "ತಪ್ಪಾಯ್ತಮ್ಮ" ಎಂದೆ. ಹೆಂಗಸು ಎಂದದ್ದು ತಪ್ಪೋ, ಮರ ಎಂದದ್ದು ತಪ್ಪೋ, ಈ ನಿವೃತ್ತ ಇತಿಹಾಸ ಮಾಸ್ತರನಿಗೇ ಗೊತ್ತಿರಲಿಲ್ಲ.