ನಾಲ್ಕನೇ ಮಹಡಿಯ ಪ್ಲಾಟಿನಂ

ಟಿಟ್ವಾಳಾ ಸ್ಟೇಷನ್ನಿನಿಂದ ಹನ್ನೊಂದು ನಿಮಿಷ ನಡೆದರೆ ಸಿಗುವ 'ಶ್ರೀಪ್ರೇರಣಾ' ಸೊಸೈಟಿಯು ಪರಿಸರ ಸಂರಕ್ಷಣೆಯಲ್ಲಿ ಪ್ಲಾಟಿನಂ ದರ್ಜೆ ಪಡೆದ ಕಟ್ಟಡವಾಗಿರುತ್ತದೆ. ಈ ಗೌರವಕ್ಕೆ ಮುಖ್ಯ ಕಾರಣವಾದ ಲಿಫ್ಟು ಎರಡನೇ ಮತ್ತು ಮೂರನೇ ಮಹಡಿಗಳ ನಡುವೆ ಹದಿನಾಲ್ಕು ತಿಂಗಳಿಂದ ನಿಂತಿರುತ್ತದೆ.

ಇದರ ಹಿಂದಿನ ಶ್ರಮ ನಾಲ್ಕನೇ ಮಹಡಿಯ ಮಹಾದೇವಪ್ಪನದು. ಬೈಲಹೊಂಗಲ ಕಡೆಯ ಸಿವಿಲ್ ಇಂಜಿನಿಯರ್. ಇಪ್ಪತ್ತೆರಡು ವರ್ಷ ಕಾಂಕ್ರೀಟು ಹಾಕಿಸಿದ, ಮಾಜಿವಾಡಾದ ಆಫೀಸಿಗೆ ಲೋಕಲ್ ರೈಲಿನಲ್ಲಿ ಒಂಟಿಕಾಲಲ್ಲಿ ನಿಂತು ಹೋಗಿ ಬಂದ. ಪಾಪ, ಅಷ್ಟಾದರೂ ಯಾರೂ ಅವನನ್ನು ಸರ್ ಅಂದವರಿಲ್ಲ. ಅಷ್ಟರಲ್ಲಿ ಅವನ ಬಿಲ್ಡರ್ ಕಂಪನಿ ಒಂದು ಸುತ್ತೋಲೆ ಹೊರಡಿಸಿತು: "ಇನ್ನು ಮುಂದೆ ಹಸಿರು ಮಾನ್ಯತೆ ಪಡೆದ ಇಂಜಿನಿಯರುಗಳು ಕಂಪನಿಯ ಪರಿಸರವನ್ನು ನೋಡಿಕೊಳ್ಳತಕ್ಕದ್ದು. ಉಳಿದವರು ತಮ್ಮ ಭವಿಷ್ಯವನ್ನು ತಾವೇ ನೋಡಿಕೊಳ್ಳತಕ್ಕದ್ದು."

ಮಹಾದೇವಪ್ಪ ನಲವತ್ತೆಂಟನೇ ವಯಸ್ಸಿನಲ್ಲಿ ಪುಸ್ತಕ ಹಿಡಿದು ಪರೀಕ್ಷೆ ಪಾಸಾದ. ಆದರೆ ಮಾನ್ಯತಾ ಪರಿಷತ್ತಿಗೆ ಪರೀಕ್ಷೆ ಸಾಲದು. ಅಭ್ಯರ್ಥಿಯು ಜನವಾಸವಿರುವ ಒಂದು ಕಟ್ಟಡವನ್ನು ತೋರಿಸಿ ನೂರಕ್ಕೆ ಎಂಬತ್ತು ಅಂಕ ಗಳಿಸಬೇಕು. ಅವನ ಕಂಪನಿ ಕಟ್ಟಿದ 'ವನಶ್ರೀ ಹೈಟ್ಸ್' ಅನ್ನೋ ಗಾಜಿನ ಗೋಪುರಕ್ಕೆ ಹನ್ನೊಂದು ಅಂಕ ಬಿತ್ತು. ಅದರಲ್ಲಿ ಏಳು ಹೆಸರಿಗೆ.

ಆ ಸಂಜೆ ಮೆಟ್ಟಿಲು ಹತ್ತುತ್ತಾ ಏದುಸಿರು ಬಿಡುತ್ತಿದ್ದವನಿಗೆ ಮೂರನೇ ಮಹಡಿಯಲ್ಲಿ ಜ್ಞಾನೋದಯವಾಯಿತು. ತನ್ನ ಮನೆಯ ಕಟ್ಟಡವನ್ನೇ ತೋರಿಸಿದರೆ?

ಶನಿವಾರ ಪರಿಷತ್ತಿನ ಪರಿವೀಕ್ಷಕ ಸ್ವಪ್ನಿಲ್ ಬಂದ. ಡೊಂಬಿವ್ಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದವರ ಹುಡುಗ, ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಪಾನಿ?"

"ದಿನ ಬಿಟ್ಟು ದಿನ, ನಲವತ್ತು ನಿಮಿಷ," ಅಂದ ಮಹಾದೇವಪ್ಪ.

"ಬಹುತ್ ಬಢಿಯಾ!" ನೀರಿನ ಮಿತಬಳಕೆಗೆ ಹದಿನೆಂಟು ಅಂಕ.

ಎಸಿ ಹಾಕಿದರೆ ಫ್ಯೂಸ್ ಹಾರುತ್ತಿತ್ತು, ಹಾಗಾಗಿ ಯಾರ ಮನೆಯಲ್ಲೂ ಎಸಿ ಇಲ್ಲ. ಇಪ್ಪತ್ತು ಅಂಕ. ಕಾರು ನಿಲ್ಲಿಸಲು ಜಾಗವಿಲ್ಲ, ಎಲ್ಲರೂ ರೈಲಿಗೇ ಜೋತು ಬೀಳುವವರು. ಹದಿನೈದು. ಮೇಲಿನ ಮನೆಯವರು ತರಕಾರಿ ತರಿಸಿಕೊಳ್ಳಲು ಹಗ್ಗ ಕಟ್ಟಿ ಇಳಿಬಿಡುವ ಬುಟ್ಟಿಯನ್ನು ಕಂಡು ಸ್ವಪ್ನಿಲ್ ನಿಂತಲ್ಲೇ ನಿಂತುಬಿಟ್ಟ. 'ಮಾನವಚಾಲಿತ ಲಂಬ ಸಾಗಣೆ' ಎಂದು ಬರೆದುಕೊಂಡು ಹನ್ನೆರಡು ಕೊಟ್ಟ.

"ಔರ್ ಲಿಫ್ಟ್, ಸರ್?"

ಸರ್! ಮಹಾದೇವಪ್ಪನ ಕಿವಿ ತಂಪಾಯಿತು. "ಶಕ್ತಿ ಉಳಿತಾಯಕ್ಕಾಗಿ ನಿವಾಸಿಗಳು ಲಿಫ್ಟನ್ನು ಸ್ವಇಚ್ಛೆಯಿಂದ ತ್ಯಜಿಸಿದ್ದಾರೆ," ಎಂದುಬಿಟ್ಟ.

ಇಪ್ಪತ್ತೈದು ಅಂಕ. ಒಟ್ಟು ತೊಂಬತ್ತು, ಅಂದರೆ ಪ್ಲಾಟಿನಂ ದರ್ಜೆ. ವಾಚ್‌ಮನ್‌ಗೆ ಫ್ಯಾನ್ ಇರುವುದರಿಂದ ಉಳಿದ ಹತ್ತು ಕೊಡಲಾಗಲಿಲ್ಲ ಎಂದು ಸ್ವಪ್ನಿಲ್ ವಿಷಾದ ವ್ಯಕ್ತಪಡಿಸಿದ. ಜೊತೆಗೆ ನಿಯಮ ೧೪(ಕ)ವನ್ನು ಓದಿ ಹೇಳಿದ: ಮಾನ್ಯತೆಯ ಮೂರು ವರ್ಷಗಳ ಅವಧಿಯಲ್ಲಿ ಕಟ್ಟಡದ ಸ್ಥಿತಿಯು ಯಾವುದೇ ಕಾರಣಕ್ಕೂ ಸುಧಾರಿಸತಕ್ಕದ್ದಲ್ಲ. ಸುಧಾರಿಸಿದಲ್ಲಿ ಕಟ್ಟಡದ ದರ್ಜೆಯೂ ಇಂಜಿನಿಯರನ ಮಾನ್ಯತೆಯೂ ರದ್ದು.

ಇಷ್ಟೂ ಮಾತನ್ನು ಒಳಗೆ ಕೂತು ಕೇಳುತ್ತಿದ್ದವಳು ಮಹಾದೇವಪ್ಪನ ತಾಯಿ ಬಸವಣ್ಣೆವ್ವ. ಎಪ್ಪತ್ತಾರು ವರ್ಷ, ಎರಡೂ ಮೊಣಕಾಲು ಹೋಗಿವೆ. ಲಿಫ್ಟು ನಿಂತ ದಿನದಿಂದ ಮುದುಕಿ ನೆಲ ಮೆಟ್ಟಿಲ್ಲ. ಮೊದಲು ಪ್ರತಿ ಸಂಕಷ್ಟಿಗೆ ಇಲ್ಲಿನ ಗಣಪತಿ ಗುಡಿಗೆ ಹೋಗಿಬರುತ್ತಿದ್ದಳು. ಬರುವ ಮಂಗಳವಾರ ಅಂಗಾರಕಿ, ಮಂಗಳವಾರವೇ ಬೀಳುವ ದೊಡ್ಡ ಸಂಕಷ್ಟಿ. ಸೋಮವಾರ ಲಿಫ್ಟಿನ ಮೆಕ್ಯಾನಿಕ್ ಬರುತ್ತಾನೆಂದು ಮಗನೇ ಹೇಳಿದ್ದ. ತೆಂಗಿನಕಾಯಿ ತರಿಸಿ ಇಟ್ಟುಕೊಂಡಿದ್ದಳು.

"ಸೋಮವಾರ ಬರ್ತಾನ ಅಂದಿದ್ಯಲ್ಲೋ?"

"ಮೂರು ವರ್ಷ ತಡಿಯವ್ವಾ."

"ಮೂರು ವರ್ಷ! ಅಲ್ಲಿತನಕ ನಾ ಇರ್ತೀನೇನೋ ಖೋಡಿ?"

ನಿವಾಸಿಗಳ ಸಂಖ್ಯೆ ಕಡಿಮೆಯಾದರೆ ಅಂಕಗಳಿಗೆ ಧಕ್ಕೆಯಿಲ್ಲ ಎಂಬ ನಿಯಮ ಅವನ ಬಾಯಿತನಕ ಬಂದಿತ್ತು. ಸದ್ಯ, ನುಂಗಿಕೊಂಡ. ಅವ್ವನ ಮುಖ ನೋಡಲಾಗದೆ ಸೊಸೈಟಿಯ ಸಭೆಗೆ ಇಳಿದುಹೋದ.

ಸಭೆಯಲ್ಲಿ ಬಾಯಿ ಬಿಟ್ಟೂ ನೋಡಿದ. "ನಮ್ಮವ್ವನ್ನ ಮಂಗಳವಾರ ಒಂದು ಸಲ ಇಳಿಸೋದಕ್ಕಾದ್ರೂ..."

ಅಧ್ಯಕ್ಷೆ ಅಲಮೇಲು ಮೈಸೂರಿನವರು, ವಾಸ ನೆಲಮಹಡಿಯಲ್ಲಿ. "ನೋಡಿ ಮಹಾದೇವಪ್ಪನವರೇ, ನಂಗೇನೂ ಲಿಫ್ಟ್ ಬೇಡ ಅಂತಲ್ಲ. ಆದ್ರೆ ಪ್ಲಾಟಿನಂ ಅಂದ ತಕ್ಷಣ ಬ್ರೋಕರ್‌ಗಳು ಫೋನ್ ಮಾಡ್ತಾ ಇದಾರೆ ಕಣ್ರೀ. ನಿಮ್ಮ ಪ್ರಮೋಷನ್ನೂ ಇದೆಯಲ್ಲ? ಅಮ್ಮ ಮೇಲೇ ಇರ್ಲಿ ಬಿಡಿ, ಗಾಳಿ ಬೆಳಕು ಚೆನ್ನಾಗಿದೆ."

ಮೂರು ವರ್ಷ ಲಿಫ್ಟನ್ನು ಮುಟ್ಟತಕ್ಕದ್ದಲ್ಲ ಎಂಬ ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು. ಸೂಚಿಸಿದವರು ಅಲಮೇಲು. ಅನುಮೋದಿಸಿದವನು, ಪ್ರಮೋಷನ್ ಎಂಬ ಮಾತು ಕೇಳಿದ ಮೇಲೆ, ಮಹಾದೇವಪ್ಪ. ವಾಚ್‌ಮನ್‌ನ ಫ್ಯಾನನ್ನೂ ಅಂದೇ ಇಳಿಸಲಾಯಿತು.

ಮಂಗಳವಾರ ಅಂಗಳದಲ್ಲಿ ಶಾಮಿಯಾನಾ ಹಾಕಿ ಸಮಾರಂಭ. ಮಹಾದೇವಪ್ಪ 'ಸುಸ್ಥಿರತಾ ಮುಖ್ಯಸ್ಥ'ನಾಗಿ ಹಾರ ಹಾಕಿಸಿಕೊಂಡ. ಬಳಿಕ ವಿಶೇಷ ಘೋಷಣೆ: ಹದಿನಾಲ್ಕು ತಿಂಗಳಲ್ಲಿ ರೈಲು, ರಿಕ್ಷಾ, ಚಪ್ಪಲಿ ಯಾವುದನ್ನೂ ಬಳಸದ ಶ್ರೀಮತಿ ಬಸವಣ್ಣೆವ್ವನವರಿಗೆ 'ಶೂನ್ಯ ಇಂಗಾಲ ನಾಗರಿಕ' ಪ್ರಶಸ್ತಿ. ದಯಮಾಡಿ ವೇದಿಕೆಗೆ ಬರತಕ್ಕದ್ದು.

ಎಲ್ಲರೂ ತಲೆಯೆತ್ತಿದರು. ನಾಲ್ಕನೇ ಮಹಡಿಯ ಕಿಟಕಿಯಲ್ಲಿ ಮುದುಕಿ ನಿಂತಿದ್ದಳು, ಮಡಿ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು. ಬುಟ್ಟಿ ಇಳಿಬಿಟ್ಟಳು. ಮಹಾದೇವಪ್ಪ ಓಡಿಹೋಗಿ ಫಲಕವನ್ನು ಅದರಲ್ಲಿಡಲು ಬಗ್ಗಿದ. ಒಳಗೆ ತೆಂಗಿನಕಾಯಿಯಿತ್ತು.

"ಗಣಪ್ಪನ ಮುಂದ ಒಡಿಯೋ ಮಗನ," ಎಂದು ಮೇಲಿಂದ ಕೂಗಿದಳು. "ನಾ ಇಳಿದ್ರ ನಿನ್ನ ನೌಕರಿ ಇಳೀತೈತಿ. ನಾ ಇಲ್ಲೇ ಇರ್ತೀನಿ."

ಮಹಾದೇವಪ್ಪನ ಕಣ್ಣು ತುಂಬಿ ಬಂತು. ಒಂದು ಗಳಿಗೆ ಲಿಫ್ಟಿನ ಕಡೆ ನೋಡಿದ. ಆಮೇಲೆ ಕಾಯಿ ತೆಗೆದುಕೊಂಡು ಫಲಕ ಇಟ್ಟ, ಬುಟ್ಟಿ ಮೇಲೇರಿತು, ಜನ ಚಪ್ಪಾಳೆ ತಟ್ಟಿದರು.

ಪ್ರಶಸ್ತಿ ಸ್ವೀಕರಿಸಲೂ ಕೆಳಗಿಳಿಯದ್ದಕ್ಕೆ ಸ್ವಪ್ನಿಲ್ ಅಲ್ಲಿಯೇ ಎರಡು ಹೆಚ್ಚುವರಿ ಅಂಕ ಕೊಟ್ಟ. ಮಹಾದೇವಪ್ಪ ಅಂಕಪಟ್ಟಿಗೆ ಸಹಿ ಹಾಕಿದ.